ಕಲ್ಯಾಣದುರ್ಗದ ಎಣ್ಣೆ, ಹಿಂದೂಪುರದ ಭುಜ

ನನ್ನ ಬೀಗಿತ್ತಿ ಕಲ್ಯಾಣದುರ್ಗದಲ್ಲಿ ಒಂದು ಎಣ್ಣೆ ಕಾಯಿಸುತ್ತಾಳೆ. ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಕಡಲೆಕಾಯಿ ಎಣ್ಣೆ, ಅಷ್ಟೇ. ಹಚ್ಚಿದರೆ ಕೈಕಾಲು ನೋವು ಹೋಗುತ್ತದೆಂದು ಅವರ ಬೀದಿಯೆಲ್ಲ ಹೇಳುತ್ತದೆ. ಮಗಳನ್ನು ಆ ಮನೆಗೆ ಕೊಟ್ಟಾಗಿನಿಂದ ಆ ಎಣ್ಣೆಯ ಮಾತು ಕೇಳಿ ನನ್ನ ಕಿವಿ ಸವೆದಿದೆ. ನನಗೂ ಒಂದು ಮದ್ದು ಗೊತ್ತು. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು. ಅದನ್ನು ಯಾರೂ ಹೊಗಳುವುದಿಲ್ಲ. ಉಪ್ಪು ಎಲ್ಲರ ಮನೆಯಲ್ಲೂ ಇದೆಯಲ್ಲ.

ಆ ಮಗಳ ಮಗಳು ಫಾರ್ಮಸಿ ಓದು ಮುಗಿಸಿ, ಕೆಲಸ ಹುಡುಕಿಕೊಂಡು ಹಿಂದೂಪುರದ ನನ್ನ ಮನೆಗೆ ಬಂದು ಕೂತಳು. ನನ್ನನ್ನು ಅಜ್ಜಿ ಅನ್ನುತ್ತಾಳೆ, ಬೀಗಿತ್ತಿಯನ್ನು ತೆಲುಗಿನವರ ಹಾಗೆ ಜೇಜಿ ಅನ್ನುತ್ತಾಳೆ. ಜೇಜಿ ಅನ್ನುವಾಗ ಬಾಯಲ್ಲಿ ಬೆಲ್ಲದ ಚೂರು ಇದ್ದ ಹಾಗಿರುತ್ತದೆ. ಅನ್ನ ಹಾಕುವವಳು ನಾನು, ಬಟ್ಟೆ ಮಡಿಸುವವಳು ನಾನು. ಬೆಲ್ಲ ಅಲ್ಲಿಗೆ.

ಬಂದವಳು ಲ್ಯಾಪ್‌ಟಾಪಿನಲ್ಲಿ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದಳು. ಹೊಸ ಔಷಧಿ ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಜನರ ಮೇಲೆ ಪರೀಕ್ಷೆ ಮಾಡುತ್ತಾರಂತೆ. ಅದನ್ನು ಹೇಗೆ ಮಾಡಬೇಕು ಎಂದು ಕಲಿಸುವ ಕೋರ್ಸು. ಪಾಠ ಇಂಗ್ಲಿಷಿನಲ್ಲಿ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಪ್ರತಿ ಪಾಠವೂ ನನ್ನ ಕಿವಿಗೆ ಬಿತ್ತು.

"ಕೂತ್ಕೊ ಅಜ್ಜಿ, ನಿಂಗೆ ಹೇಳ್ತೀನಿ. ಬಾಯ್ಬಿಟ್ಟು ಹೇಳಿದ್ರೆ ನನ್ ತಲೇಲಿ ನಿಲ್ತದೆ."

"ನನ್ ತಲೇಲಿ ನಿಂತ್ರೆ ಏನ್ ಮಾಡ್ಲೇ?"

"ಇರ್ಲಿ ಬಿಡು, ಬಾಡಿಗೆ ಕೇಳಲ್ಲ."

ಹೀಗೆ ಅವರೆಕಾಯಿ ಸುಲಿಯುತ್ತ ಕಲಿತೆ. ಔಷಧಿಯನ್ನು ಎಲ್ಲರಿಗೂ ಕೊಡಬಾರದು. ಅರ್ಧ ಜನಕ್ಕೆ ಅದು, ಅರ್ಧ ಜನಕ್ಕೆ ನೋಡಲು ಅದರಂತೆಯೇ ಇರುವ, ಒಳಗೆ ಔಷಧಿ ಇಲ್ಲದ ಇನ್ನೊಂದು. ಕೆಲವು ನೋವು ತಾನಾಗಿಯೇ ಹೋಗುತ್ತದೆ, ಕೆಲವು ಔಷಧಿ ತಗೊಂಡೆ ಎನ್ನುವ ನಂಬಿಕೆಗೇ ಹೋಗುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಔಷಧಿಯ ಪಾಲು ಎಷ್ಟೆಂದು ತಿಳಿಯುತ್ತದೆ. ಇದು ನನಗೆ ಚೆನ್ನಾಗಿ ಹಿಡಿಸಿತು. ಯಾವ ಎಣ್ಣೆಯನ್ನು ನೆನೆದು ಹಿಡಿಸಿತು ಎಂದು ಬೇರೆ ಹೇಳಬೇಕಾಗಿಲ್ಲ.

ಕೋರ್ಸಿನ ಕೊನೆಗೆ ಒಂದು ಪರೀಕ್ಷೆಯನ್ನು ತಾವೇ ಹೂಡಿ ಬರೆದು ಕಳಿಸಬೇಕಿತ್ತು. ಬರಿ ಕಾಗದದ ಮೇಲೆ ಬರೆದರೂ ಸಾಕಿತ್ತು. ಅವಳಿಗೆ ಸಾಲಲಿಲ್ಲ.

"ಜೇಜಿ ಎಣ್ಣೆ ಮೇಲೆ ಸಣ್ಣದಾಗಿ ಮಾಡಿ ನೋಡ್ತೀನಿ ಅಜ್ಜಿ. ಮೈಗೆ ಹಚ್ಚೋದು ತಾನೇ."

ದಿನಾ ಕೂತು ಪಾಠ ಕೇಳಿದವಳು ನಾನು, ಪರೀಕ್ಷೆ ಮಾತ್ರ ಅವಳ ಎಣ್ಣೆಗೆ. ಉಪ್ಪಿನ ಶಾಖ ಅವಳ ನೆನಪಿಗೇ ಬರಲಿಲ್ಲ. ಹೊಟ್ಟೆ ಉರಿಯಿತು. ಆದರೆ ಬೇಡ ಎನ್ನಲಿಲ್ಲ. ನನಗೆ ಬೇಕಾಗಿದ್ದುದು ಒಂದೇ: ಆ ಎಣ್ಣೆ ಸೋಲಬೇಕು, ಮೊಮ್ಮಗಳ ಕಣ್ಣೆದುರಿಗೇ ಸೋಲಬೇಕು.

ನಮ್ಮದು ಮಗ್ಗದ ಬೀದಿ. ಗಂಡಸರು ನೇಯುತ್ತಾರೆ, ಹೆಂಗಸರು ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾರೆ. ರಾಟೆ ತಿರುಗಿಸಿ ತಿರುಗಿಸಿ ಬಲಭುಜ ಹಿಡಿಯದ ಹೆಂಗಸು ನಮ್ಮಲ್ಲಿಲ್ಲ. ತುರುಬು ಕಟ್ಟಲು ಕೈ ತಲೆಯ ಹಿಂದಕ್ಕೆ ಹೋಗುತ್ತದೆಯೇ ಇಲ್ಲವೇ, ಅದನ್ನೇ ನೋವಿನ ಅಳತೆಯಾಗಿ ಇಟ್ಟುಕೊಂಡಳು ಮೊಮ್ಮಗಳು. ಅಳತೆ ಏನೆಂದು ಮೊದಲೇ ಹೇಳಿಬಿಡಬೇಕಂತೆ. ಆಮೇಲೆ ಬದಲಾಯಿಸಿದರೆ ಮೋಸ.

"ನನ್ ಭುಜಾನೂ ಹಿಡ್ಕೊಂಡದೆ. ನನ್ನೂ ಸೇರಿಸ್ಕೊ" ಅಂದೆ.

"ನೀನ್ ಬ್ಯಾಡ ಅಜ್ಜಿ."

"ಯಾಕೆ, ನಂದು ಭುಜ ಅಲ್ವಾ?"

"ನೋವು ಹೋದ್ರೂ ಹೋಗಿಲ್ಲ ಅಂತೀಯ ನೀನು. ಜೇಜಿ ಎಣ್ಣೆ ಅಂದ್ರೆ ನಿನ್ ಮುಖ ಎಂಗಾಯ್ತದೆ ಅಂತ ಕನ್ನಡಿ ನೋಡ್ಕೊ ಹೋಗು."

ನೋಡಿಕೊಳ್ಳಲಿಲ್ಲ. ಗೊತ್ತಿದ್ದುದನ್ನು ನೋಡುವುದೇನು.

ಕಲ್ಯಾಣದುರ್ಗದಿಂದ ಎಣ್ಣೆಯ ಕ್ಯಾನು ಬಸ್ಸಿನಲ್ಲಿ ಬಂತು. ಅದರಂತೆ ಕಾಣುವ ಬರಿ ಎಣ್ಣೆಯನ್ನು ಕಾಯಿಸುವ ಕೆಲಸ ನನಗೆ ಬಿತ್ತು. ಬೆಳ್ಳುಳ್ಳಿ ಎರಡರಲ್ಲೂ ಇರಲಿ, ಲಕ್ಕಿ ಸೊಪ್ಪು ಒಂದರಲ್ಲೇ ಇರಲಿ, ಬಣ್ಣಕ್ಕೆ ಪಾಲಕ್ ಹಾಕು ಎಂದಳು. ಹಾಕಿದೆ. ಬಾಟಲಿಗೆ ತುಂಬಿ ಕೆಂಪು ನೂಲು, ಬಿಳಿ ನೂಲು ಕಟ್ಟಿದವಳು ನನ್ನ ಸೊಸೆ. ಯಾವ ಬಣ್ಣ ಯಾವ ಎಣ್ಣೆ ಎಂದು ಅವಳೊಬ್ಬಳಿಗೇ ಗೊತ್ತು. ನೋವು ಹೋಯಿತೇ ಎಂದು ಕೇಳುವವರಿಗೂ ಎಣ್ಣೆ ಹಚ್ಚಿಕೊಳ್ಳುವವರಿಗೂ ತಿಳಿಯಬಾರದು ಎಂಬುದೇ ಪಾಠ. ಮೊಮ್ಮಗಳು ಸ್ನಾನಕ್ಕೆ ಹೋದಾಗ ಎರಡೂ ಮುಚ್ಚಳ ತೆಗೆದು ಮೂಸಿದೆ. ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ಕಾಯಿಸಿದ್ದೆ.

ಬೀದಿಯ ಹೆಂಗಸರನ್ನು ಜಗಲಿಯಲ್ಲಿ ಕೂರಿಸಿ ಮೊಮ್ಮಗಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಒಬ್ಬರಿಗೆ ಮದ್ದಿನ ಎಣ್ಣೆ ಸಿಗಬಹುದು, ಒಬ್ಬರಿಗೆ ಬರಿ ಎಣ್ಣೆ ಸಿಗಬಹುದು, ಇಷ್ಟ ಇದ್ದವರು ಮಾತ್ರ ತಗೊಳ್ಳಿ.

"ಸುಳ್ಳು ಸಿಕ್ಕಿದೋರು ಏನ್ ಪಾಪ ಮಾಡಿದ್ರಮ್ಮ?" ಎಂದಳು ಮೂಲೆಮನೆಯವಳು.

ಈ ಮೂಲೆಮನೆಯವಳು ಯಾವ ಡಾಕ್ಟರ ಔಷಧಿಯನ್ನೂ ಚೆನ್ನಾಗಿದೆ ಎಂದವಳಲ್ಲ. ನಾನು ಮೊಮ್ಮಗಳ ಕಿವಿಯಲ್ಲಿ, "ಇವಳಿಗೆ ನಿಮ್ ಜೇಜಿದೇ ಹೋಗ್ಲಿ" ಅಂದೆ.

"ಆರಿಸೋ ಹಂಗಿಲ್ಲ ಅಜ್ಜಿ. ಆರಿಸಿದ್ರೆ ಪರೀಕ್ಷೆ ಕೆಟ್ಟೋಯ್ತದೆ."

ಚೀಲದೊಳಗೆ ಕೆಂಪು, ಬಿಳಿ ಕಂಡಿಕೆ ಹಾಕಿ ಒಬ್ಬೊಬ್ಬರಿಂದ ಕೈಹಾಕಿಸಿ ಒಂದೊಂದು ತೆಗೆಸಿದಳು. ಬಂದ ಬಣ್ಣದ ಬಾಟಲಿ ಅವರದು. ಮೂಲೆಮನೆಯವಳಿಗೆ ಬಿಳಿ, ಅವಳ ಪಕ್ಕದವಳಿಗೆ ಕೆಂಪು.

ಎರಡು ವಾರ ಕಳೆದ ಮೇಲೆ ಮತ್ತೆ ಜಗಲಿಗೆ ಕರೆದೆವು. ಕೆಂಪಿನವರು ಕೈಯನ್ನು ತಲೆಯ ಹಿಂದಕ್ಕೆ ಎತ್ತಿದರು. ಬಿಳಿಯವರೂ ಎತ್ತಿದರು. ಮೂಲೆಮನೆಯವಳು ತುರುಬು ಬಿಚ್ಚಿ ಕಟ್ಟಿಯೇ ತೋರಿಸಿದಳು. ಎರಡೂ ಒಂದೇ ಎಂದರೆ ಸೊಪ್ಪಿನಲ್ಲಿ ಏನೂ ಇಲ್ಲ ಎಂದು ಅರ್ಥ. ಪಾಠ ಕೇಳಿದವಳು ನಾನು, ತಕ್ಷಣ ತಿಳಿಯಿತು. ಒಳಗೆ ಹೋಗಿ ಎಲ್ಲರಿಗೂ ಕಾಫಿ ಇಟ್ಟೆ, ಹಾಲು ಜಾಸ್ತಿ ಹಾಕಿ.

ಕಾಫಿ ಕುಡಿಯುತ್ತ ಮೂಲೆಮನೆಯವಳು ಬಾಯಿಬಿಟ್ಟಳು.

"ಎರಡೂ ಬೆರೆಸಿದ್ರೆ ಭಾಳ ಚೆನ್ನಾಗದೆ ಕಣಮ್ಮ."

ಮೊಮ್ಮಗಳ ಲೋಟ ಅಲ್ಲೇ ನಿಂತಿತು. "ಬೆರೆಸಿದ್ರಾ?"

"ಪಕ್ಕದೋಳು ಅವಳ್ದ್ರಲ್ಲಿ ಅರ್ಧ ನಂಗ್ ಹುಯ್ದ್ಲು. ನಾನು ಬರೀ ಬಾಟ್ಲಿ ಎಂಗ್ ವಾಪಸ್ ಕೊಡಾದು? ನಂದ್ರಲ್ಲಿ ಅರ್ಧ ಹುಯ್ದು ಕೊಟ್ಟೆ."

"ನಾವೂ ಅಂಗೇ ಮಾಡಿದ್ವಿ" ಎಂದಳು ಇನ್ನೊಬ್ಬಳು. "ಒಬ್ಬರಿಗೆ ಸುಳ್ಳು ಒಬ್ಬರಿಗೆ ನಿಜ ಅಂದ್ಯಲ್ಲ, ಯಾರ್ಗೂ ಮೋಸ ಆಗ್ಬಾರ್ದು ಅಂತ."

ಇಡೀ ಬೀದಿ ಹಂಚಿಕೊಂಡಿತ್ತು. ಹಂಚದೆ ಇನ್ನೇನು ಮಾಡುತ್ತಾರೆ. ನಮ್ಮಲ್ಲಿ ಒಂದು ಮನೆಗೆ ಬಂದ ನುಗ್ಗೆಕಾಯಿ ನಾಲ್ಕು ಮನೆಯ ಸಾರಿಗೆ ಬೀಳುತ್ತದೆ, ಕೊಟ್ಟ ಪಾತ್ರೆ ಬರಿದಾಗಿ ಹಿಂದೆ ಬರುವುದಿಲ್ಲ. ನಾನೂ ಹಾಗೇ ಬದುಕಿದವಳು, ಆದರೂ ಹೊಳೆದಿರಲಿಲ್ಲ. ಬೀಗಿತ್ತಿಯ ಎಣ್ಣೆ ಸೋತಿರಲಿಲ್ಲ. ಗೆದ್ದಿರಲೂ ಇಲ್ಲ. ಹಾಲು ಮಾತ್ರ ಖರ್ಚಾಯಿತು.

ಮೊಮ್ಮಗಳು ಸಪ್ಪಗೆ ಕೂತಳು. ನಾನು ಎರಡು ಒಳ್ಳೆಯ ಮಾತಾಡೋಣ ಎಂದು ಹತ್ತಿರ ಹೋಗುವಷ್ಟರಲ್ಲಿ ಫೋನು ಕಿವಿಗಿಟ್ಟುಕೊಂಡಿದ್ದಳು. "ಜೇಜೀ" ಅಂದಳು. ಆ ಕಡೆ ನಗುವುದು ನನಗೂ ಕೇಳಿಸಿತು. ಈ ಕಡೆ ಇವಳೂ ನಕ್ಕಳು. ನಡೆದದ್ದನ್ನು ನಡೆದ ಹಾಗೆಯೇ ಬರೆದು ಕೋರ್ಸಿಗೆ ಕಳಿಸಿದಳು. ಹಂಚಿಕೊಳ್ಳುವ ಜನರಲ್ಲಿ ಮನೆಮನೆಗೆ ಬೇರೆ ಬೇರೆ ಕೊಡಬಾರದು, ಬೀದಿಗೆ ಒಂದರಂತೆ ಕೊಡಬೇಕು ಎಂದು ಮುಂದಿನ ಪಾಠದಲ್ಲೇ ಇತ್ತಂತೆ. ಅವಳು ಅಲ್ಲಿಗೆ ತಲುಪಿರಲಿಲ್ಲ. ಮತ್ತೆ ಮಾಡುತ್ತೇನೆ ಎಂದಳು. ನಮ್ಮ ಬೀದಿಗೆ ಒಂದು, ಕೆರೆ ಕಡೆಯ ಬೀದಿಗೆ ಇನ್ನೊಂದು. ನಿಜವಾದ ಪರೀಕ್ಷೆಗೆ ಎರಡೇ ಬೀದಿ ಸಾಲದು, ಕಲಿಯಲು ಸಾಕು ಎಂದಳು. ಬೀದಿ ತುಂಬ ಹಚ್ಚಲು ಎಣ್ಣೆ ಜಾಸ್ತಿ ಬೇಕಾಯಿತು. ಎಣ್ಣೆಯ ಜೊತೆ ಈ ಸಲ ಬೀಗಿತ್ತಿಯೇ ಬಂದಳು.

ಎದುರಿಗೆ ಸಿಕ್ಕರೆ ನಾವಿಬ್ಬರೂ 'ನೀವು', 'ಬನ್ನಿ' ಎನ್ನುವವರು. "ಬನ್ನಿ" ಅಂದೆ.

"ನಿಮ್ ಊರ್ಗೆಲ್ಲ ನನ್ ಎಣ್ಣೆ ಹಚ್ತಾರಂತಲ್ಲ ವದಿನಾ" ಎಂದಳು. ವದಿನಾ ಅಂದರೆ ತೆಲುಗಿನಲ್ಲಿ ಅತ್ತಿಗೆ. ಬೀಗಿತ್ತಿ ಕೂತ ತಕ್ಷಣ ಮೊಮ್ಮಗಳು ಅವಳ ಮುಂದೆ ಜಡೆ ಬಿಚ್ಚಿ ಕೂತಳು. ನನ್ನ ಮುಂದೆ ಹಾಗೆ ಕೂತು ಎಷ್ಟು ಕಾಲವಾಯಿತೋ.

"ಜೇಜೀ, ಎಣ್ಣೇಲಿ ಏನೂ ಇಲ್ಲ ಅಂತ ಬಂದ್ರೆ?"

"ಬಂದ್ರೆ ಬರ್ಲಿ ಕಣಮ್ಮ. ದೀಪಕ್ಕಾಕಿ ಉರಿಸಾನ. ನಂಗೇನ್ ಗೊತ್ತು? ನಮ್ಮತ್ತೆ ಕಾಯಿಸ್ತಿದ್ಲು, ನಾನೂ ಕಾಯಿಸ್ತೀನಿ."

ಬಾಚಣಿಗೆ ನಿಲ್ಲಲಿಲ್ಲ. ಅವಳಿಗೆ ಚೂರೂ ಹೆದರಿಕೆ ಇರಲಿಲ್ಲ. ಎಣ್ಣೆ ಸೋತರೂ ಈ ಜಡೆ ಅವಳ ಕೈಯಲ್ಲೇ ಇರುತ್ತದೆ ಎಂದು ನನಗೆ ಆಗ ತಿಳಿಯಿತು. ಯಾವ ಬಣ್ಣದ ನೂಲು ಕಟ್ಟಿದರೂ ಅಷ್ಟೆ.

ನಾನು ಅಡಿಗೆಮನೆಗೆ ಹೋಗಿ ಕಾಫಿ ಮಾಡಿದೆ. ಮೂರೂ ಲೋಟ ಒಂದೇ ಥರದವು. ಬೀಗಿತ್ತಿಯ ಲೋಟಕ್ಕೆ ಸಕ್ಕರೆ ಹಾಕಲಿಲ್ಲ. ಅವಳು ಒಂದು ಗುಟುಕು ಕುಡಿದು, ನನ್ನನ್ನು ನೋಡಿ, "ಭಾಳ ಚೆನ್ನಾಗದೆ ವದಿನಾ" ಎಂದು ಪೂರ್ತಿ ಕುಡಿದಳು. ಅವಳಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಕುಡಿದಳೋ, ನನಗೆ ಇವತ್ತಿಗೂ ತಿಳಿದಿಲ್ಲ.