ಟವೆಲ್ಲಿನ ಕೆಳಗಿನ ಕೈ

ಸಿಂದಗಿ ಪೇಟೆಯ ದಲಾಲಿ ಪರಪ್ಪನಿಗೆ ಏನನ್ನೂ ಮುಚ್ಚಿಡಲು ಬರುತ್ತಿರಲಿಲ್ಲ. "ನಂದೇನೈತ್ರಿ ಮುಚ್ಚುಮರಿ?" ಎನ್ನುತ್ತ ತೊಗರಿ ಚೀಲದ ಮೇಲೆ ಕೂತು, ತನ್ನ ಮೂಲವ್ಯಾಧಿ, ಹೆಂಡತಿಯ ಸಿಟ್ಟು, ಅತ್ತೆಯ ಬೈಗುಳ ಎಲ್ಲವನ್ನೂ ಹಮಾಲರಿಗೂ ಸಾಹುಕಾರರಿಗೂ ಒಂದೇ ದನಿಯಲ್ಲಿ ಹೇಳುತ್ತಿದ್ದ. ಅವನ ಹೊಟ್ಟೆ ಕೆಟ್ಟರೆ ದೂರದ ಹೊರ್ತಿ ಊರಿನವರೆಗೂ ಸುದ್ದಿ. ಅವನಲ್ಲಿದ್ದ ಗುಟ್ಟು ಮಾಲಿನ ಧಾರಣೆಯೊಂದೇ. ಅದನ್ನು ಪೇಟೆಯ ಪದ್ಧತಿಯಂತೆ ಟವೆಲ್ಲಿನ ಕೆಳಗೆ ಖರೀದಿದಾರನ ಬೆರಳು ಒತ್ತಿಯೇ ತಿಳಿಸಬೇಕು. ಎಪ್ಪತ್ನಾಲ್ಕನೇ ಇಸವಿಯ ಸುಗ್ಗಿಯಲ್ಲಿ, ಮಗಳು ಗಂಡನ ಮನೆ ಬಿಟ್ಟು ಬಂದ ಮರುದಿನ, ಅವನು ತನ್ನ ಮೊಣಕಾಲು ನೋವನ್ನೇ ಇನ್ನಷ್ಟು ಜೋರಾಗಿ ಹೇಳಿದ. ಖರೀದಿದಾರ ಸಂಗಣ್ಣ ಟವೆಲ್ಲಿನೊಳಗೆ ಕೈ ಕೊಟ್ಟ. ಪರಪ್ಪ ಯಾವ ಬೆರಳನ್ನೂ ಒತ್ತಲಿಲ್ಲ. ಇಡೀ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಂಗಣ್ಣ ಬಿಡಿಸಿಕೊಳ್ಳಲಿಲ್ಲ. ಕೈಗಳು ಬಹಳ ಹೊತ್ತು ಟವೆಲ್ಲಿನಿಂದ ಹೊರಬರದ್ದನ್ನು ಕಂಡು ಸುತ್ತ ನಿಂತವರು, "ಇವತ್ತ ದರ ಭಾರಿ ಏರಾಕತ್ತೈತಿ" ಅಂದರು.