ಬಾಳವ್ವನಿಗೆ ರೇವವ್ವನ ಕೂಗು

ದೇವರ ಹಿಪ್ಪರಗಿಯ ರೇವವ್ವ ಒಮ್ಮೆ ಕೂಗಿದರೆ ಸಾಕು, ಮೂರು ಹೊಲದಾಚೆಯ ಕುರಿಗಳೂ ತಲೆಯೆತ್ತಿ ಬರುತ್ತವೆ. ಆ ಗಂಟಲಿನ ಮಹಿಮೆ ಅವಳ ಗಂಡನ ಮನೆಯವರಿಗೂ ಚೆನ್ನಾಗಿ ಗೊತ್ತು. ಆ ಕೂಗು ಕೇಳುತ್ತಲೇ ಬೆಳೆದ ಮಗಳು ರೇಣುಕಾ ‘ಕಂಬಳಿ ಬಾಳವ್ವ’ ಎಂಬ ಕಾಮಿಕ್ಸ್ ಬರೆದಳು. ಕಂಬಳಿ ಕೊಪ್ಪೆ ಹೊದ್ದು ಆಕಾಶದಲ್ಲಿ ಹಾರುವ ಬಾಳವ್ವ ಕೂಗಿದರೆ ದಾರಿ ತಪ್ಪಿದವರೆಲ್ಲ ಮನೆ ಸೇರುತ್ತಾರೆ. ಅದರ ನಾಲ್ಕೂ ಪುಸ್ತಕಗಳನ್ನು ಮಕ್ಕಳು ಮುಗಿಬಿದ್ದು ಓದಿದರು. ಈಗ ಮುದ್ದೇಬಿಹಾಳದ ಸ್ಟುಡಿಯೋ ಒಂದು ಅದನ್ನು ಟಿವಿ ಕಾರ್ಟೂನ್ ಮಾಡುತ್ತಿತ್ತು. ಬಾಳವ್ವನ ಮಾತಿಗೆ ಬೇರೆ ಕಲಾವಿದೆ ಇದ್ದಳು. ಕೂಗು ಮಾತ್ರ ತನ್ನ ಅವ್ವನದೇ ಆಗಬೇಕೆಂದು ರೇಣುಕಾ ಹಟ ಹಿಡಿದಿದ್ದಳು.

ಆದರೆ ಮೈಕಿನ ಮುಂದೆ ನಿಂತ ರೇವವ್ವ ಬಾಯಿಯೇ ಬಿಡಲಿಲ್ಲ.

“ಕೂಗ್ರಿ ಅವ್ವಾರ,” ಎಂದ ನಿರ್ದೇಶಕ ಇಜಾಜ.

“ಕುರಿ ಎಲ್ಲಿ ಅದಾವ್ರಿ?”

“ಚಿತ್ರದಾಗ ಬರದೇವ್ರಿ.”

“ಬರದ ಕುರಿ ನೀರು ಕುಡಿತಾವೇನ್ರಿ? ನೀರು ಇಡದೇ ಸುಳ್ಳ ಕೂಗಬಾರ್ದು ಅಂತ ನಮ್ಮತ್ತಿ ಹೇಳ್ಯಾಳ. ಒಮ್ಮೆ ಮೋಸ ಹೋದ ಕುರಿ ಮತ್ತ ನಂಬೂದಿಲ್ಲ.”

ಇಜಾಜ ಹಣೆ ಚಚ್ಚಿಕೊಂಡ. ನಾಳೆ ಸಂಜೆಯೊಳಗೆ ಆಗದಿದ್ದರೆ ಕಲಾವಿದೆಯಿಂದಲೇ ಕೂಗಿಸುತ್ತೇನೆ ಎಂದುಬಿಟ್ಟ. ರೇವವ್ವ ಮಗಳ ಬಾಡಿದ ಮುಖ ನೋಡಿದಳು. ಆದರೂ ನೇಮವೆಂದರೆ ನೇಮ.

“ಕುರಿ ಇಲ್ಲಿಗೆ ಬರೂದಿಲ್ಲ, ಖರೆ. ನಿಮ್ಮ ಮೈಕ ನಮ್ಮ ಹೊಲಕ್ಕ ಬರ್ತೈತಿಲ್ಲೋ?” ಎಂದಳು.

ಮರುದಿನ ಮಧ್ಯಾಹ್ನ ಮೈಕು ಹೊಲಕ್ಕೆ ಬಂತು. ರೇಣುಕಾ ಕುರಿಗಳು ಕುಡಿಯುವ ಕಲ್ಲಿನ ಬಾನಿಗೆ ನೀರು ತುಂಬಿದಳು. ರೇವವ್ವ ಕೊರಳೆತ್ತಿ ಕೂಗಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಇಜಾಜ ಬೆಚ್ಚಿಬಿದ್ದ. ದೂರದ ತೊಗರಿ ಹೊಲದ ಬದುವಿನಿಂದ ಕುರಿಗಳು ಧೂಳೆಬ್ಬಿಸಿಕೊಂಡು ಓಡಿಬಂದವು.

“ಇನ್ನೊಮ್ಮೆ ಕೂಗ್ರಿ ಅವ್ವಾರ!”

“ನೀರು ಕುಡದಾವು. ಇನ್ನ ಯಾತಕ್ಕ ಕರೀಲಿ?”

ಆ ಒಂದೇ ಕೂಗು ಸಾಕಾಯಿತು.

ಮೊದಲ ಕಂತು ಬಂದ ಭಾನುವಾರ ಬೆಳಿಗ್ಗೆ ಓಣಿಯೇ ರೇವವ್ವನ ಮನೆಯಲ್ಲಿತ್ತು. ಕೊನೆಗೆ ಟಿವಿಯಲ್ಲಿ ಬಾಳವ್ವ ಮೋಡದ ಮೇಲೆ ನಿಂತು ಕೂಗಿದಳು. ಮಕ್ಕಳು ಚಪ್ಪಾಳೆ ತಟ್ಟಿ ಕುಣಿದವು. ಅಷ್ಟರಲ್ಲಿ ಹಿತ್ತಲಿನಿಂದ ‘ಬ್ಯಾ’ ಎಂದು ಗದ್ದಲ ಎದ್ದಿತು. ನಲವತ್ತು ಕುರಿಗಳೂ ಬಾಗಿಲಿಗೆ ಮುಕುರಿದ್ದವು, ಒಂದು ಟಗರಂತೂ ಹೊಸ್ತಿಲು ದಾಟಿ ಟಿವಿಯನ್ನೇ ನೋಡುತ್ತ ನಿಂತಿತ್ತು. ಜನ ಬಿದ್ದು ಬಿದ್ದು ನಕ್ಕರು. ರೇಣುಕಾ ಹೆಮ್ಮೆಯಿಂದ ಅತ್ತೇಬಿಟ್ಟಳು.

“ಯವ್ವಾ, ಎಲ್ಲಿ ಹೊಂಟಿ? ನಿನ್ನ ಹೆಸರು ಬರಾಕತ್ತೈತಿ, ನೋಡಿಲ್ಲಿ!”

ರೇವವ್ವ ಆಗಲೇ ಕೊಡ ಎತ್ತಿಕೊಂಡು ಹಿತ್ತಲಿನ ಬಾನಿಯ ಕಡೆ ನಡೆದಿದ್ದಳು.

“ನಾನ ಕರದೇನಲ್ಲಾ, ನೀರು ಇಡಬೇಕು.”