ಎದುರುಗೊಳ್ಳುವಾಗ ನುಡಿಸಿದ ಟ್ಯೂನು

ಕ್ಲಾರಿಯೋನೆಟ್ಟಿನ ರೀಡನ್ನು ನಾಲಗೆಯಲ್ಲಿ ಒದ್ದೆ ಮಾಡಿಕೊಂಡು ಮಾದಪ್ಪ ಮೊದಲು ಊದುತ್ತಿದ್ದ ಆ ಒಂದು ಕೀರಲು 'ಪೀಂ' — ಆಮೇಲೆ ಡ್ರಮ್ಮು, ಆಮೇಲೆ ಇಡೀ ಬ್ಯಾಂಡ್‌ಸೆಟ್ಟು. ಗಿರಿಜಕ್ಕ, ನಿನ್ನ ಮದುವೆಯಲ್ಲಿ ಗಂಡಿನವರನ್ನು ಎದುರುಗೊಳ್ಳುವಾಗ ಅವನ ಕ್ಲಾರಿಯೋನೆಟ್ಟಿನಲ್ಲಿ ಹೆಣದ ಹಾಡು ಬಂತಲ್ಲ, ಅದನ್ನು ಕಲಿಸಿದವಳು ನಾನು. ಗೊತ್ತಿದ್ದೇ ಕಲಿಸಿದೆ. ನಿನ್ನ ಕ್ಷಮೆ ಕೇಳಲು ಬರೆಯುತ್ತಿಲ್ಲ. ನಿನ್ನನ್ನು ಆಗ ದ್ವೇಷಿಸುತ್ತಿದ್ದೆ, ಈಗಲೂ — ಇರಲಿ.

ಅರವತ್ತರ ದಶಕದ ಕೊಳ್ಳೇಗಾಲ. ನಮ್ಮ ಮಗ್ಗದ ಮನೆಯ ಹಿಂದಿನ ಶೆಡ್ಡಿನಲ್ಲಿ ಮುಳ್ಳೂರಿನ ಮಾದಪ್ಪನ ಸೆಟ್ಟು ಸಂಜೆ ಪ್ರಾಕ್ಟೀಸ್ ಮಾಡುತ್ತಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಪಿಯಾನೋ ಕೇಳಿ ಬೆಳೆದವಳು ನಾನು. ಆದರೂ ರಜೆಗೆ ಬಂದಾಗ, ಮಗ್ಗಗಳ ಲಟಪಟದ ನಡುವೆ ಆ ಕ್ಲಾರಿಯೋನೆಟ್ಟು ಎದ್ದಿತೆಂದರೆ ಕೈಯಲ್ಲಿದ್ದ ಪುಸ್ತಕ ಜಾರುತ್ತಿತ್ತು. ಹದಿನಾರರಲ್ಲಿ ಹಿಡಿದ ಆ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ಬೀದಿಯಲ್ಲಿ ಯಾರದೋ ಮದುವೆಯ ಬ್ಯಾಂಡ್ ಹೋದರೆ ಮಂಡಿನೋವು ಮರೆತು ಗೇಟಿಗೆ ಹೋಗಿ ನಿಲ್ಲುತ್ತೇನೆ. ಸಿಲ್ಲಿ, ಐ ನೋ.

ನೀನು ಅದನ್ನು ಕೊಳಕು ಮಾಡಿದೆ. ಊಟಕ್ಕೆ ಕೂತವರೆಲ್ಲರ ಮುಂದೆ, "ಅಪ್ಪಾ, ಇವ್ಳಿಗ್ಯಾಕೆ ಕಾಲೇಜು? ಆ ಪೀಪಿ ಊದೋನ್ ಜೊತೆ ಓಡೋಯ್ತಾಳೆ ನೋಡ್ತಿರು" ಎಂದೆ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ನನ್ನ ಓದು ಅಲ್ಲಿಗೆ ಫಿನಿಶ್. ನನ್ನ ಯೂನಿಫಾರ್ಮನ್ನು ನೀನು ನೆಲ ಒರೆಸುವ ಬಟ್ಟೆ ಮಾಡಿಕೊಂಡೆ.

ಅದೇ ಬೇಸಿಗೆಯಲ್ಲಿ ಯಳಂದೂರಿನ ಗಂಡಿಗೆ ನಿನ್ನನ್ನು ಕೊಡುವುದೆಂದಾಯಿತು. ಮಾದಪ್ಪ ಹಿತ್ತಿಲ ಬಾಗಿಲಿಗೆ ಬಂದು ನಿಂತ. "ಅಮ್ಮಣ್ಣಿ, ಇಂಗ್ಲಿಸ್ ದೊರೆಗಳ ಮದ್ವೇಲಿ ಏನ್ ನುಡಿಸ್ತಾರೆ, ವಸಿ ಏಳ್ಕೊಡಿ. ಯಳಂದೂರೋರು ಮೂಗ್ಮೇಲೆ ಬೆಟ್ಟು ಮಡಿಕ್ಕಬೇಕು. ಈ ಮದ್ವೆ ಗೆದ್ರೆ ಅನೂರ್‌ಗಂಟ ನಮ್ದೇ ಸೆಟ್ಟು ಕಣವ್ವ."

ನಮ್ಮ ಕಾನ್ವೆಂಟಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ತೀರಿಕೊಂಡಾಗ ಶವಪೆಟ್ಟಿಗೆಯ ಹಿಂದೆ ನಾವೆಲ್ಲ ಹಾಡಿದ ಚರ್ಚಿನ ಹಾಡು, ಹಿಮ್, ಒಂದಿತ್ತು. ಅದನ್ನೇ ಗುನುಗಿದೆ. "ವೆಡ್ಡಿಂಗ್ ಟ್ಯೂನು" ಎಂದೆ. ನಿನ್ನ ಗಂಡ ಆ ಹಾಡಿನ ಹಿಂದೆ ನಗುನಗುತ್ತ ನಿನ್ನತ್ತ ನಡೆದು ಬರುವುದನ್ನು ನಾನೊಬ್ಬಳೇ ಅರ್ಥ ಮಾಡಿಕೊಂಡು ನೋಡಬೇಕಿತ್ತು, ಅಷ್ಟೇ. ಕೊಳ್ಳೇಗಾಲದಲ್ಲಿ ಇನ್ಯಾರಿಗೆ ತಿಳಿಯುತ್ತದೆ? ಮಾದಪ್ಪನ ಗತಿ ಏನಾದೀತೆಂದು ಯೋಚಿಸಲೇ ಇಲ್ಲ. ಅವನೋ ಅದಕ್ಕೆ ಡ್ರಮ್ಮು ಕೂಡಿಸಿ, ನಡೆ ಏರಿಸಿ — ಎಂಥ ಸೊಗಸು ಮಾಡಿದ್ದ! ಅದರೊಳಗಿನ ಸಾವು ನನಗೇ ಮರೆತುಹೋಗುವಷ್ಟು.

ಹೊರಗೆ ನಡೆದದ್ದು ಹಸೆಯ ಕೋಣೆಯಲ್ಲಿದ್ದ ನಿನಗೆ ಪೂರ್ತಿ ಗೊತ್ತಿಲ್ಲ. ಗಂಡಿನ ಸೋದರಮಾವ ಬಿಳಿಗಿರಿರಂಗನ ಬೆಟ್ಟದಲ್ಲಿ ಇಂಗ್ಲಿಷ್ ದೊರೆಯೊಬ್ಬನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಆರತಿ ಎತ್ತುವಷ್ಟರಲ್ಲಿ ಕೈ ಮೇಲೆತ್ತಿ ಕೂಗಿದರು: "ನಿಲ್ಸ್ರಲಾ! ನಮ್ ದೊರೆ ಸತ್ತಾಗ ಪೆಟ್ಟಿಗೆ ಇಂದೆ ಆಡಿದ್ದು ಇದೇಯ! ಮದ್ವೆ ಗಂಡ್ನ ಎಣದಂಗೆ ಕರ್ಕಂಡೋಯ್ತಿದ್ದೀರಾ?"

ಅಪ್ಪ ನನ್ನತ್ತ ತಿರುಗಿದರು. "ನೀನೇಳವ್ವ, ಕಾನ್ವೆಂಟಲ್ಲಿ ಓದ್ದೋಳು. ಇದು ಎಣದ ಆಡಾ?"

ಅಲ್ಲ ಎಂದಿದ್ದರೆ ಸಾಕಿತ್ತು. ಇಂಗ್ಲಿಷರ ಹಾಡಿನ ವಿಷಯದಲ್ಲಿ ನನ್ನ ಮಾತನ್ನು ಆ ಬೀದಿಯಲ್ಲಿ ಯಾರೂ ಮೀರುತ್ತಿರಲಿಲ್ಲ. ನಾನು "ಹೌದಪ್ಪ" ಎಂದೆ. ಬಲ್ಲೆನೆಂದು ತೋರಿಸಿಕೊಳ್ಳುವ ಚಟವೋ, ನಿನ್ನ ಮದುವೆ ಮುರಿಯಲಿ ಎಂದೋ —

"ಯಾವನ್ಲಾ ಕಲ್ಸಿದ್ದು ನಿಂಗೆ?" ಅಪ್ಪ ಮಾದಪ್ಪನತ್ತ ನುಗ್ಗಿದರು.

ಮಾದಪ್ಪ ಒಮ್ಮೆ ನನ್ನನ್ನು ನೋಡಿದ. ನನ್ನ ಹೆಸರು ಹೇಳಿದ್ದರೆ, ನಮ್ಮಿಬ್ಬರ ಬಗ್ಗೆ ನೀನು ಆಡಿದ ಹೊಲಸು ಮಾತೇ ನಿಜವೆಂದಾಗುತ್ತಿತ್ತು. "ಯಾರೂ ಇಲ್ಲ ಸಾ. ನಾನೇ ಎಲ್ಲೋ ಕೇಳ್ದೆ" ಎಂದ. ಅಪ್ಪ ಅವನ ಕೆನ್ನೆಗೆ ಬಾರಿಸಿದರು. ಯಾರೋ ಡ್ರಮ್ಮಿನ ಚರ್ಮ ಸೀಳಿದರು. ನಾನು ಆರತಿ ತಟ್ಟೆ ಹಿಡಿದು ನಿಂತೇ ಇದ್ದೆ.

ನಿನಗೇನಾಯಿತು? ಏನೂ ಇಲ್ಲ. ಪುರೋಹಿತರು ನೀರು ಚಿಮುಕಿಸಿದರು, ಮುಹೂರ್ತ ನಡೆಯಿತು, ದಪ್ಪಗೆ ಸುಖವಾಗಿ ಬಾಳಿದೆ. 'ಹೆಣದ ಸೆಟ್ಟು' ಎಂಬ ಹೆಸರು ಅಂಟಿದ್ದು ಮಾದಪ್ಪನಿಗೆ. ಕೊಳ್ಳೇಗಾಲದಲ್ಲಾಗಲಿ, ಯಳಂದೂರು ಹನೂರುಗಳಲ್ಲಾಗಲಿ ಶುಭಕಾರ್ಯಕ್ಕೆ ಅವನನ್ನು ಮತ್ತೆ ಯಾರೂ ಕರೆಯಲಿಲ್ಲ. ಶೆಡ್ಡು ಖಾಲಿಯಾಯಿತು. ನಿನಗೆ ಗುರಿಯಿಟ್ಟು, ನನಗೆ ಜೀವವಾಗಿದ್ದುದನ್ನೇ ಹೊಡೆದುಕೊಂಡೆ — ಅದು ಇನ್ನೊಬ್ಬನ ಅನ್ನವೂ ಆಗಿತ್ತು.

ಅವನನ್ನು ಕೊನೆಯ ಸಲ ಕಂಡದ್ದು ಎಪ್ಪತ್ತರ ದಶಕದಲ್ಲಿ. ಗಂಡನ ಜೊತೆ ಮಾದೇಶ್ವರನ ಬೆಟ್ಟಕ್ಕೆ ಹೊರಟಿದ್ದೆ. ಬಸ್ಸು ಹನೂರಿನಲ್ಲಿ ನಿಂತಿತ್ತು. ಮಾದಪ್ಪ ರಾಗಿ ಮೂಟೆಗಳನ್ನು ಟಾಪಿಗೆ ಏರಿಸುತ್ತಿದ್ದ. ಇಳಿದು ಹತ್ತಿರ ಹೋದೆ.

"ಮಾದಪ್ಪ, ಆವತ್ತು ನಾನು —"

ಬೆನ್ನ ಮೇಲಿನ ಮೂಟೆ ಇಳಿಸದೆಯೇ ತಲೆಯೆತ್ತಿದ. "ನಿಮ್ ಬಾಯಿಂದ ಕಲ್ತಿದ್ದು ಸಾಕು ಕಣವ್ವ. ಬಸ್ಸು ಒಂಟದೆ, ಅತ್ಕಳಿ."

ಕಲಿಸಿದವಳು ನಾನೇ ಎಂದು ಹೇಳಬೇಕಿತ್ತು. ಅಲ್ಲೇ, ಆ ಸ್ಟ್ಯಾಂಡಿನಲ್ಲಿದ್ದ ಎಲ್ಲರ ಕಿವಿಗೂ ಬೀಳುವಂತೆ. ಕಂಡಕ್ಟರು ಬಾಗಿಲು ಬಡಿದ. ನಾನು ಹತ್ತಿಕೊಂಡೆ.